ವತ್ಸಲಾ ಒಪ್ಪಿಸಿದ ಕಾರಣಗಳು

ವತ್ಸಲಾ ಮೈಸೂರಿನಲ್ಲಿ ಸಂಸ್ಕೃತ ಎಂ.ಎ. ಮಾಡಿದವಳು. ಗಂಡ ರಘೋತ್ತಮನ ಜೊತೆ ಅಮೆರಿಕದ ಆನ್ ಆರ್ಬರಿಗೆ ಬಂದ ಮೇಲೆ ಆ ಡಿಗ್ರಿಯನ್ನು ಮೂಸಿ ನೋಡುವವರೂ ಇರಲಿಲ್ಲ. ಮನೆಯಲ್ಲಿ ಕೂತೂ ಕೂತೂ ರೋಸಿಹೋಗಿ ೧೯೭೪ರಲ್ಲಿ ಸಂಜೆಯ ಜಪಾನೀ ತರಗತಿಗೆ ಸೇರಿದಳು.

"ಕ್ರಿಯಾಪದ ನಮ್ಮ ಹಾಗೇ ಕೊನೇಲಿ ಬರತ್ತೆ ಕಣೇ, ಸುಲಭ" ಎಂದು ಪಕ್ಕದ ಮನೆಯ ನನ್ನನ್ನೂ ಎಳೆದುಕೊಂಡು ಹೋದಳು. ನನ್ನ ತಲೆಗೆ ಏನೂ ಹತ್ತಲಿಲ್ಲ. ಕಾರು ಓಡಿಸುವವಳು ನಾನಾದ್ದರಿಂದ ಬಿಡುವಂತೆಯೂ ಇರಲಿಲ್ಲ.

ಆ ಚಳಿಗಾಲದಲ್ಲಿ ನಮ್ಮ ಜಪಾನೀ ಟೀಚರು ಓಕಡಾ ಮೇಡಂ 'ಶಿ' ಕಲಿಸಿದರು. ಕಾರಣಗಳನ್ನು ಹೇಳುತ್ತಾ ಪ್ರತಿಯೊಂದರ ಕೊನೆಗೂ ಅದನ್ನು ಸೇರಿಸಬೇಕು. ನಾವು 'ಮಳೆ ಬೇರೆ, ಜ್ವರ ಬೇರೆ' ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ಕಾರಣ ಹೇಳಿ ಸುಮ್ಮನಾದರೆ ಸಾಕು, ಮಿಕ್ಕಿದ್ದನ್ನು ಎದುರಿನವರೇ ತಿಳಿದುಕೊಳ್ಳುತ್ತಾರೆ.

ಮುಂದಿನ ವಾರವೇ ಮೇಡಂ ವತ್ಸಲಾಳನ್ನು ಕರೆದರು. ವಿಕ್ಸಮ್ ಎಂಬ ಊರಿನ ಒಂದು ಕಾರ್ಖಾನೆಗೆ ಜಪಾನಿನ ಇಂಜಿನಿಯರುಗಳು ಬರುವವರಿದ್ದರು. ಆಫೀಸಿನಲ್ಲಿ ಅವರ ನೆರವಿಗೆ ಒಬ್ಬರು ಬೇಕು, ಹೋಗುತ್ತೀರಾ ಎಂದು ಕೇಳಿದರು. ಅಂಥ ಕೆಲಸಕ್ಕೆ ಅವಳು ಚಾತಕಪಕ್ಷಿಯ ಹಾಗೆ ಕಾಯುತ್ತಿದ್ದಳೆಂದು ನನಗೆ ಗೊತ್ತಿತ್ತು. ಆದರೆ ಮೊದಲ ಸಲಕ್ಕೇ ಹೂಂ ಅಂದರೆ ಮರ್ಯಾದೆಯೇ? ನಮ್ಮಲ್ಲಿ ಕಾಫಿಯನ್ನೂ ಎರಡು ಸಲ ಬೇಡವೆಂದು ಮೂರನೆಯ ಸಲಕ್ಕೆ ಕೈಚಾಚುವುದು. ಇವಳು ತಲೆ ತಗ್ಗಿಸಿ, ಮಗು ಚಿಕ್ಕದು ಶಿ, ದಾರಿ ದೂರ ಶಿ, ಡ್ರೈವಿಂಗ್ ಬರುವುದಿಲ್ಲ ಶಿ ಎಂದು ಅಚ್ಚ ಜಪಾನೀಯಲ್ಲಿ ಒಪ್ಪಿಸಿ, ಇನ್ನೊಮ್ಮೆ ಕೇಳಲೆಂದು ನಿಂತಳು. ಮೇಡಂ ಮುಗುಳ್ನಕ್ಕು ತಲೆಬಾಗಿ ಹೊರಟೇಹೋದರು.

ಫೋನ್ ಬಂದೀತೆಂದು ವತ್ಸಲಾ ಕಾದಳು. ಕೆಲಸ ಬೇರೊಬ್ಬಳಿಗೆ ಹೋಯಿತು.

ನನಗೆ ಮೈಯೆಲ್ಲ ಉರಿಯಿತು. ಮಗುವನ್ನು ನಾನು ನೋಡಿಕೊಳ್ಳುತ್ತಿರಲಿಲ್ಲವೇ? ಕಾರಿನಲ್ಲಿ ನಾನು ಬಿಟ್ಟುಬರುತ್ತಿರಲಿಲ್ಲವೇ? ಇನ್ನೊಂದು ಸಲ ಕೇಳಲು ಆ ಹೆಂಗಸಿಗೆ ಏನು ಧಾಡಿಯಾಗಿತ್ತು?

"ಹೋಗಿ ನೇರವಾಗಿ ಕೇಳು. ನಾಚಿಕೆ ಪಟ್ಕೊಂಡಿದ್ದು ಸಾಕು" ಎಂದು ನಾನೇ ದೂಡಿದೆ.

ಕೇಳಿದಳು. ಮೇಡಂ ನಿಜಕ್ಕೂ ತಬ್ಬಿಬ್ಬಾದರು. ಅಷ್ಟು ನಯವಾಗಿ ಬೇಡವೆಂದ ಮೇಲೆ ಮತ್ತೆ ಒತ್ತಾಯಿಸಿದರೆ ನಿಮ್ಮನ್ನು ಮುಜುಗರಕ್ಕೆ ಸಿಕ್ಕಿಸಿದಂತಲ್ಲವೇ ಎಂದರು. ಇಷ್ಟು ವರ್ಷಗಳಲ್ಲಿ ಯಾವ ವಿದ್ಯಾರ್ಥಿಯೂ 'ಶಿ'ಯನ್ನು ಅಷ್ಟು ಸೊಗಸಾಗಿ ಬಳಸಿರಲಿಲ್ಲವಂತೆ. ಆ ದಿನ ಮನೆಗೆ ಹೋಗಿ ಗಂಡನಿಗೂ ಹೇಳಿಕೊಂಡು ಸಂತೋಷಪಟ್ಟಿದ್ದರಂತೆ.

ವಾಪಸು ಬರುವಾಗ, ನಮ್ಮ ಬೀದಿಗೆ ತಿರುಗಿದ ಮೇಲೆ ವತ್ಸಲಾ ಸೆರಗಿನಿಂದ ಮೂಗು ಒರೆಸಿಕೊಂಡಳು.

"ತಪ್ಪು ತಪ್ಪಾಗಿ ಮಾತಾಡಿದ್ದಿದ್ರೆ ಕೆಲಸ ಸಿಕ್ಕಿರೋದು ಕಣೇ" ಎಂದಳು.