ಮಾರಾಟ ಕಲಿಯಲು ಮಾಡಿದ ಸಾಲ

ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದ ಕಾಲ. ಪೇಟೆಯ ಒಂದು ಖಾಸಗಿ ಸಂಸ್ಥೆ ಪದವೀಧರರಿಗಾಗಿ ಮಾರಾಟ ಮತ್ತು ಪ್ರಚಾರದ ಡಿಪ್ಲೊಮಾ ನಡೆಸುತ್ತಿದೆ ಎಂದು ಗೆಳತಿಯೊಬ್ಬಳು ಹೇಳಿದಳು. ಅರವತ್ತರ ದಶಕದಲ್ಲಿ, ಜಯನಗರದ ಮಗ್ಗುಲಿನ ಸಿದ್ದಾಪುರದ ನಮ್ಮ ಬೀದಿಯಲ್ಲಿ ಓದಿದ ಹುಡುಗಿ ಅಂದರೆ ಟೀಚರ್ ಆಗಬೇಕು, ಇಲ್ಲವೇ ಟೈಪಿಸ್ಟ್. ನನಗೆ ಎರಡೂ ಬೇಡವಾಗಿತ್ತು. ಆದರೆ ಆ ಕೋರ್ಸಿನ ಫೀಸು ಕೇಳಿ ಅಮ್ಮ ಒಲೆಯ ಮುಂದೆ ಹಾಗೇ ಕೂತುಬಿಟ್ಟಳು. ಅದು ಅಪ್ಪನ ಕೆಲವು ತಿಂಗಳ ಸಂಬಳ.

ಅಪ್ಪ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಹೆಚ್ಚು ಮಾತಾಡುವವನಲ್ಲ. "ಅದನ್ನ ಓದಿದೋರು ಎಷ್ಟು ದುಡೀತಾರೆ ಅಂತ ಮೊದಲು ತಿಳ್ಕೋಬೇಕು" ಅಂದ.

ಅದನ್ನೇ ಓದಿದವನೊಬ್ಬ ನಮ್ಮ ಬೀದಿಯ ತುದಿಯಲ್ಲೇ ಇದ್ದ. ತಲೆಗೆ ಹಚ್ಚುವ ಎಣ್ಣೆಯ ಕಂಪನಿಯೊಂದರಲ್ಲಿ ಅವನಿಗೆ ಕೆಲಸ. ಟೈ ಕಟ್ಟಿ, ಚರ್ಮದ ಬ್ಯಾಗು ಹಿಡಿದು ಹೊರಟರೆ ಜನ ತಿರುಗಿ ನೋಡುತ್ತಿದ್ದರು. ಅಪ್ಪ ಅವನನ್ನು ಕಾಫಿಗೆ ಕರೆದ. ಅವನು ಹೇಳಿದ ಸಂಬಳ ಅಪ್ಪನದಕ್ಕಿಂತ ಹೆಚ್ಚಿತ್ತು. ಆ ವಾರವೇ ಅಪ್ಪ ಕಾರ್ಖಾನೆಯ ಸಹಕಾರ ಸಂಘದಲ್ಲಿ ಸಾಲ ತೆಗೆದ. ಜಾಮೀನು ನಿಂತವರು ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ, ಸಾರಕ್ಕಿ ಊರಿನ ಒಬ್ಬರು; ನಾವು ಅವರನ್ನು ಸಾರಕ್ಕಿಯವರು ಅಂತಲೇ ಕರೆಯುತ್ತಿದ್ದೆವು. ಹೊಲವೆಲ್ಲ ಬಡಾವಣೆಗೆ ಹೋದ ಮೇಲೆ ಕಾರ್ಖಾನೆ ಸೇರಿದ್ದರು. ಅಪ್ಪ ಕಂತು ಕಟ್ಟದಿದ್ದರೆ ಅವರ ಸಂಬಳದಲ್ಲಿ ಹಿಡಿಯುತ್ತಾರೆ ಎನ್ನುವುದು ಆಗಿನ್ನೂ ನನ್ನ ತಲೆಗೆ ಹೋಗಿರಲಿಲ್ಲ.

ಕ್ಲಾಸು ಶುರುವಾದ ಮೇಲೆ ಒಂದು ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಆ ಟೈ ಕಟ್ಟುವವನು ಸಿಕ್ಕಿದ. ಸುತ್ತ ಯಾರೂ ಇಲ್ಲದ್ದು ನೋಡಿಕೊಂಡು ಹತ್ತಿರ ಬಂದ.

"ನಿಮ್ಮ ತಂದೆ ಎದುರಿಗೆ ಹೇಳೋಕಾಗ್ಲಿಲ್ಲ. ನಾನು ಹೇಳಿದ ಸಂಬಳ ಕಮಿಷನ್ ಸೇರಿಸಿ. ಮಾಲು ಹೋಗದೇ ಇದ್ರೆ ಅದರಲ್ಲಿ ಅರ್ಧಾನೂ ಬರಲ್ಲ. ಹೋದ ತಿಂಗಳು ಮನೆ ಬಾಡಿಗೆ ಕೊಟ್ಟಿಲ್ಲ ನಾನು."

ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ಮುಂದಿನ ಬಸ್ಸಿಗೆ ಕ್ಲಾಸಿಗೆ ಹೋದೆ. ಸಂಜೆ ಅಪ್ಪ ಕೈಕಾಲು ತೊಳೆದು ಬರುವುದನ್ನೇ ಕಾದಿದ್ದು ಎಲ್ಲ ಹೇಳಿದೆ. ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡ.

"ಫೀಸು ವಾಪಸ್ ಕೊಡ್ತಾರಾ?"

"ಇಲ್ವಂತೆ. ಕೇಳಿ ಬಂದೆ."

"ಹಾಗಾದ್ರೆ ಕಲಿ. ಹೆದರ್ಕೊಂಡೇ ಕಲಿ, ಏನ್ಮಾಡೋದು."

ಕಲಿತೆ. ಮೇಷ್ಟರು ಗಿರಾಕಿಯ ಮನಸ್ಸಿನ ಬಗ್ಗೆ ಪಾಠ ಮಾಡುತ್ತಿದ್ದರೆ ನನ್ನ ಮನಸ್ಸು ಕಂತಿನ ಮೇಲಿರುತ್ತಿತ್ತು. ಮಳೆಗಾಲದಲ್ಲಿ ಅಪ್ಪನಿಗೆ ಕಾಮಾಲೆ ಆಯಿತು. ಕಣ್ಣು, ಉಗುರು ಎಲ್ಲ ಅರಿಶಿನ. ರಜೆ ಮುಗಿದು ಸಂಬಳ ನಿಂತಿತು. ಅಪ್ಪ ಸತ್ತುಹೋದರೆ ಎಂಬ ಭಯ ಒಂದು ಕಡೆ. ಅದರ ಬೆನ್ನಿಗೇ ಸಾಲದ ಗತಿಯೇನು ಎಂಬ ಯೋಚನೆ ಬರುತ್ತಿತ್ತು. ಅಂಥ ಹೊತ್ತಿನಲ್ಲೂ ಅದು ಹೊಳೆಯಿತಲ್ಲ ಎಂದು ನನಗೆ ನನ್ನನ್ನೇ ಕಂಡು ಹೆದರಿಕೆಯಾಗುತ್ತಿತ್ತು.

ಒಂದು ಭಾನುವಾರ ಸಾರಕ್ಕಿಯವರು ಮನೆಗೆ ಬಂದರು. ಬಾಗಿಲು ತೆಗೆದವಳು ನಾನೇ. ಜಗಳಕ್ಕೆ ಬಂದಿದ್ದಾರೆ ಅಂದುಕೊಂಡೆ. ಅವರು ಅಪ್ಪನ ಹಾಸಿಗೆ ಪಕ್ಕ ಕೂತು, ತಂದಿದ್ದ ಎಳನೀರು ಕೆತ್ತಿಕೊಟ್ಟು, ಹೊರಡುವಾಗ ಮಾತ್ರ ನನ್ನನ್ನು ಹೊರಗೆ ಕರೆದರು.

"ನೋಡವ್ವ, ಈ ತಿಂಗಳು ನನ್ನ ಸಂಬಳದಾಗೆ ಹಿಡ್ಕೊಂಡವ್ರೆ. ನಿಮ್ಮಪ್ಪನಿಗೆ ಹೇಳ್ಬೇಡ, ಎದ್ದು ಓಡಾಡ್ಲಿ ಮೊದ್ಲು. ಆದ್ರೆ ನಮ್ಮನೇಲೂ ಒಲೆ ಉರೀಬೇಕಲ್ಲ."

ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮರುದಿನವೇ ಮೇಷ್ಟರನ್ನು ಕಂಡು ಏನಾದರೂ ಕೆಲಸ ಕೊಡಿಸಿ ಅಂತ ಕೇಳಿದೆ. ಬಟ್ಟೆ ಸೋಪಿನ ಕಂಪನಿಯೊಂದು ಮನೆಮನೆಗೆ ಹೋಗಿ, ಯಾವ ಸೋಪು ಬಳಸುತ್ತೀರಿ ಎಂದು ಕೇಳಿ ಬರುವ ಹೆಂಗಸರನ್ನು ಹುಡುಕುತ್ತಿತ್ತು. ಮನೆಗಿಷ್ಟು ಅಂತ ಕೂಲಿ. ನನ್ನ ಪಾಲಿಗೆ ಜಯನಗರ ಬಂತು.

ಆಗಿನ ಜಯನಗರದಲ್ಲಿ ಅಲ್ಲೊಂದು ಇಲ್ಲೊಂದು ಮನೆ. ನಡುವೆ ಸೈಟುಗಳ ಗಡಿಕಲ್ಲು, ಆಳೆತ್ತರದ ಹುಲ್ಲು. ಮಧ್ಯಾಹ್ನ ರಸ್ತೆಯಲ್ಲಿ ನರಪಿಳ್ಳೆಯೂ ಇರುತ್ತಿರಲಿಲ್ಲ. ಮೊದಲನೇ ಗೇಟು ಮುಟ್ಟಿದ್ದೇ ನಾಯಿ ಎಗರಿ ಬಂತು. ಎರಡನೇ ಮನೆಯ ಯಜಮಾನರು ಕಿಟಕಿಯಿಂದಲೇ "ಏನೂ ಬೇಡ, ಹೋಗು" ಅಂದರು. ಮೂರನೆಯ ಮನೆಯಲ್ಲಿ ಬಾಗಿಲು ತೆಗೆದ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತರು. ಬಾಯಿಪಾಠ ಮಾಡಿಕೊಂಡು ಹೋಗಿದ್ದೆಲ್ಲ ಮರೆತುಹೋಯಿತು. ಬರೀ "ಯಾವ ಸೋಪು" ಅಂದೆ.

"ನಿಮ್ಮನೇಲಿ ಯಾವುದು?"

"ಬಾರ್ ಸೋಪು. ಅಮ್ಮ ದಾರದಲ್ಲಿ ತುಂಡು ಮಾಡಿ ಒಣಗಿಸಿ ಇಡ್ತಾರೆ, ಬೇಗ ಸವೀಬಾರ್ದು ಅಂತ."

ಅವರು ನಕ್ಕರು. "ನಮ್ಮನೇಲೂ ಅಷ್ಟೇ. ಒಳಗೆ ಬನ್ನಿ, ಕೂತ್ಕೊಂಡು ಕೇಳಿ." ಮಜ್ಜಿಗೆ ಕೊಟ್ಟು, ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಹೇಳಿದರು. ಪಕ್ಕದ ಮನೆಗೂ ತಾವೇ ಕರೆದುಕೊಂಡು ಹೋದರು.

ಅಪ್ಪ ಚೇತರಿಸಿಕೊಂಡು ಕೆಲಸಕ್ಕೆ ಹೋಗುವಷ್ಟರಲ್ಲಿ ಸಾರಕ್ಕಿಯವರ ಸಂಬಳದಲ್ಲಿ ಹಿಡಿದದ್ದನ್ನು ನಾನೇ ಅವರ ಮನೆಗೆ ಹೋಗಿ ಕೊಟ್ಟು ಬಂದೆ. "ಇನ್ಮೇಲೆ ಯಾರಿಗೂ ಜಾಮೀನು ನಿಲ್ಲಬೇಡ ಅಂತ ಇವ್ಳು ಆಣೆ ಹಾಕ್ಸವ್ಳೆ" ಅಂತ ಹೆಂಡತಿಯ ಕಡೆ ನೋಡಿ ನಕ್ಕರು. ಆಕೆ ನಗಲಿಲ್ಲ. ನನಗೂ ನಗು ಬರಲಿಲ್ಲ.

ಡಿಪ್ಲೊಮಾ ಮುಗಿದ ಮೇಲೆ ಅದೇ ಕಂಪನಿ ನನ್ನನ್ನು ಕಾಯಂ ಮಾಡಿಕೊಂಡಿತು. ಟೈಪಿಂಗ್ ಕಲಿತು ಸರ್ಕಾರಿ ಕಚೇರಿ ಸೇರಿದ್ದ ಗೆಳತಿಯೊಬ್ಬಳಿಗೆ ನನಗಿಂತ ಹೆಚ್ಚು ಸಂಬಳ ಬರುತ್ತಿತ್ತು. ಅವಳನ್ನು ಹಿಂದೆ ಹಾಕಲು ನನಗೆ ಎಷ್ಟೋ ವರ್ಷ ಬೇಕಾದವು. ಅಲ್ಲಿಯವರೆಗೆ ಅವಳಿಗೆ ಕಾಣಿಸದಂತೆ ಬೇರೆ ಬೀದಿಯಲ್ಲಿ ಓಡಾಡುತ್ತಿದ್ದೆ.

ಕೊನೆಯ ಕಂತು ಕಟ್ಟಿ ಬಂದ ಸಂಜೆ ಅಪ್ಪ "ಮುಗೀತಮ್ಮ" ಅಂದ. ಅಮ್ಮ ಪಾಯಸ ಮಾಡಿದಳು. ನಾನು ಉಂಡು ಮಲಗಿದೆ. ಮರುದಿನ ಬನಶಂಕರಿ ಕಡೆಯ ಮನೆಯೊಂದರ ಗೇಟಿನ ಚಿಲಕಕ್ಕೆ ಕೈ ಹಾಕಿದಾಗ ಎದೆ ಎಂದಿನಂತೆಯೇ ಹೊಡೆದುಕೊಳ್ಳುತ್ತಿತ್ತು. ಚಿಲಕ ತೆಗೆದು ಒಳಗೆ ಹೋದೆ.