ಅಮ್ಮನ ಉಕ್ತಲೇಖನ

ಮಗಳ ಶಾಲೆಯಿಂದ ಒಂದು ಪಟ್ಟಿ ಬಂತು. ಕೇಳಲು ಒಂದೇ ತರಹದ, ಅರ್ಥ ಮಾತ್ರ ಬೇರೆಬೇರೆಯಾದ ಇಂಗ್ಲಿಷ್ ಶಬ್ದಗಳು, ಶುಕ್ರವಾರ ಟೆಸ್ಟು. ನಾನೂ ಹೆಂಡತಿಯೂ ಚೆನ್ನೈನ ಪೆರುಂಗುಡಿಯ ಆಫೀಸಿನಿಂದ ಮನೆ ಸೇರುವಷ್ಟರಲ್ಲಿ ಹುಡುಗಿ ಆಕಳಿಸುತ್ತಿರುತ್ತಾಳೆ. "ಉಕ್ತಲೇಖನ ನಾನು ಕೊಡ್ತೇನೆ," ಅಂದಳು ಅಮ್ಮ.

ಅಮ್ಮನಿಗೆ ಇಂಗ್ಲಿಷ್ ಓದಲು ಬಾರದು. ನಾನು ಓದಿ ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಳ್ಳತೊಡಗಿದಳು. ಸನ್ ಅಂದೆ, ಬರೆದಳು. ಮತ್ತೆ ಸನ್ ಅಂದೆ, ಪೆನ್ನು ಕೆಳಗಿಟ್ಟಳು.

"ಎಂತ ಮಾರಾಯ, ಈಗಷ್ಟೇ ಬರ್ದೆನಲ್ಲ?"

ಒಂದು ಸೂರ್ಯ, ಇನ್ನೊಂದು ಮಗ ಎಂದು ವಿವರಿಸಿದೆ. ಪಕ್ಕದಲ್ಲಿ ಅರ್ಥ ಬರೆದರಾಯಿತು ಎಂದು ತಾನೇ ದಾರಿ ಕಂಡುಕೊಂಡಳು. ಒಂದು ಸನ್ನಿನ ಪಕ್ಕ 'ಸೂರ್ಯ', ಇನ್ನೊಂದರ ಪಕ್ಕ 'ಇವಳಪ್ಪ'. ಮೀಟ್ ಎಂದರೆ ಮಾಂಸ ಎಂದು ಬರೆಯಲು ಸಸ್ಯಾಹಾರಿ ಹೋಟೆಲು ನಡೆಸಿದವಳ ಕೈ ಬರಲಿಲ್ಲ. 'ನಮಗೆ ಬೇಡದ್ದು' ಎಂದು ಬರೆದಳು.

ಇಷ್ಟಾದರೂ ನನಗೆ ಭರವಸೆ ಇರಲಿಲ್ಲ. ನನ್ನ ಮಗಳು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುವವಳು. ಗದರಿದ್ದೇನೆ, ಐಸ್‌ಕ್ರೀಮಿನ ಆಸೆ ತೋರಿಸಿದ್ದೇನೆ, ಯಾವುದೂ ನಡೆದಿಲ್ಲ. ಮೊಮ್ಮಗಳ ಬಾಯಲ್ಲಿ ಒಂದಾದರೂ ಕನ್ನಡ ಮಾತು ಕೇಳಬೇಕೆಂಬುದು ಅಮ್ಮನ ಬಹುದಿನದ ಆಸೆ. ಅವಳು ಅಜ್ಜಿ ಎನ್ನದೆ ತಮಿಳಿನಲ್ಲಿ 'ಪಾಟಿ' ಎಂದು ಕರೆದಾಗಲೆಲ್ಲ ಅಮ್ಮನ ಮುಖ ಸಣ್ಣದಾಗುತ್ತಿತ್ತು.

ಬುಧವಾರ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಕಣ್ಣು ಲ್ಯಾಪ್‌ಟಾಪಿನಲ್ಲಿ, ಕಿವಿ ಅವರಿಬ್ಬರ ಕಡೆಗೆ.

"ಹೇರ್. ಮೊಲ," ಅಂದಳು ಅಮ್ಮ.

"ಮೊಲನಾ ಎನ್ನ, ಪಾಟಿ?" ಮೊಲ ಅಂದರೇನೆಂದು ಮಗಳು ತಮಿಳಿನಲ್ಲೇ ಕೇಳಿದಳು.

ಅಮ್ಮ ಎರಡು ಕೈಗಳನ್ನು ತಲೆಯ ಮೇಲೆ ಕಿವಿಯ ಹಾಗೆ ಹಿಡಿದು, ಮಂಡಿನೋವು ಮರೆತು, ಸೋಫಾದಿಂದ ಕಿಟಕಿಯವರೆಗೆ ಕುಪ್ಪಳಿಸಿದಳು. ನನಗೆ ಗಾಬರಿ. "ತಮಿಳಲ್ಲಿ ಹೇಳ್ಬಾರ್ದಾ ಅಮ್ಮ?" ಅಂದೆ.

"ಪಾಠದ ಹೊತ್ತಲ್ಲಿ ನಂಗೆ ತಮಿಳು ಬರುದಿಲ್ಲ. ನೀ ಮಧ್ಯ ಬಾಯಿ ಹಾಕ್ಬೇಡ ಮಾರಾಯ!"

ಪ್ಯಾರೀಸ್ ಕಾರ್ನರಿನ ಹತ್ತಿರ ನಮ್ಮ ಹೋಟೆಲಿದ್ದಾಗ ತರಕಾರಿಯವರ ಜೊತೆ ನಲವತ್ತು ವರ್ಷ ತಮಿಳಿನಲ್ಲೇ ಜಗಳವಾಡಿದ ಹೆಂಗಸು ಇವಳು! ಅವಳ ಹಂಚಿಕೆ ಏನೆಂದು ಆಗ ಹೊಳೆಯಿತು. ಲ್ಯಾಪ್‌ಟಾಪಿನತ್ತ ತಿರುಗಿದೆ. ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ.

ಶುಕ್ರವಾರ ಬೇಗ ಮನೆಗೆ ಬಂದೆ. ಮಗಳಿಗೆ ಇಪ್ಪತ್ತಕ್ಕೆ ಹತ್ತೊಂಬತ್ತು ಬಂದಿತ್ತು. ಆದರೆ ಅಮ್ಮ ಸಪ್ಪಗೆ ಕೂತಿದ್ದಳು. ಟೆಸ್ಟು ಮುಗಿಯಿತು, ಇನ್ನು ಮಧ್ಯಾಹ್ನ ಅವಳ ಹತ್ತಿರ ಯಾರು ಬಂದು ಕೂರಬೇಕು? ಪಟ್ಟಿ ಬರೆದ ನೋಟುಬುಕ್ಕನ್ನು ಮಡಿಲಲ್ಲಿಟ್ಟುಕೊಂಡು ಅದರ ಮೂಲೆಯ ಮಡಿಕೆಗಳನ್ನು ಬಿಡಿಸುತ್ತಿದ್ದಳು. ನಗಿಸೋಣವೆಂದು, "ಏನು ಟೀಚರಮ್ಮ, ರಿಟೈರಾದ್ರಾ?" ಅಂದೆ.

ಮಗಳು ಸರಕ್ಕನೆ ನನ್ನತ್ತ ತಿರುಗಿದಳು.

"ಅಪ್ಪಾ, ನೀ ಮಧ್ಯ ಬಾಯಿ ಹಾಕ್ಬೇಡ ಮಾರಾಯ!"

ಅದೇ ರಾಗ, ಅದೇ ಗತ್ತು. ನಾನೂ ಅಮ್ಮನೂ ಮುಖಮುಖ ನೋಡಿಕೊಂಡೆವು. ಹುಡುಗಿಗೆ ಅದರ ಪರಿವೆಯೇ ಇಲ್ಲ. ಅಮ್ಮನ ಮಡಿಲಿನಿಂದ ನೋಟುಬುಕ್ಕು ಎತ್ತಿ ಪಕ್ಕಕ್ಕಿಟ್ಟು, ಅವಳ ಕೈ ಹಿಡಿದೆಳೆದಳು.

"ಅಜ್ಜೀ, ಇನ್ನೊಂದ್ಸಲ ಮೊಲ ಮಾಡು."

ಅಮ್ಮ ಕಣ್ಣೊರೆಸಿಕೊಂಡು, ಸೆರಗು ಸಿಕ್ಕಿಸಿ ಎದ್ದಳು.