ಹೊಸ ಯಂತ್ರ ತರಿಸಿದ ಮ್ಯಾನೇಜರ್

ನಾನು ಬೈಲಹೊಂಗಲದಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದಾಗ ಅವರು ಅಲ್ಲಿ ಮ್ಯಾನೇಜರ್. ಯಂತ್ರಕ್ಕೆ ಹತ್ತಿ ಹಾಕುವ ಹೆಂಗಸರು ಕೆಮ್ಮಿದಾಗಲೆಲ್ಲ ಕನ್ನಡಕ ತೆಗೆದು ಒರೆಸುತ್ತ, "ಇವರನ್ನ ಈ ಧೂಳಿನ್ಯಾಗಿಂದ ಬಿಡಸಬೇಕ್ರಿ" ಎನ್ನುತ್ತಿದ್ದರು. ಹತ್ತಿಯನ್ನು ತಾನೇ ಎಳೆದುಕೊಳ್ಳುವ ಹೊಸ ಯಂತ್ರ ತರಿಸಲು ಮಾಲೀಕರನ್ನು ವರ್ಷಗಟ್ಟಲೆ ಕಾಡಿ ಒಪ್ಪಿಸಿದರು. ಹೆಂಗಸರಿಗೆ ಅಂಗಳದಲ್ಲಿ ಹತ್ತಿ ಆರಿಸುವ ಕೆಲಸ ಕೊಡಿಸಬೇಕೆಂದಿದ್ದರು.

ಯಂತ್ರ ಬಂದ ವಾರವೇ ಮಾಲೀಕರು, "ಇನ್ನ ಹೆಣ್ಣಾಳು ಬ್ಯಾಡ. ನೀವ ಹೇಳಿಬಿಡ್ರಿ" ಎಂದರು. ಮ್ಯಾನೇಜರ್ ಎಷ್ಟು ಬೇಡಿಕೊಂಡರೂ ಕೇಳಲಿಲ್ಲ.

ಮರುದಿನ ಗೇಟಿನಲ್ಲಿ ಹೆಂಗಸರ ಮುಂದೆ ನಿಂತು ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಅವರ ಮುಖ ನೋಡಿ ಹಿರಿಯಳೊಬ್ಬಳು, "ಗೊತ್ತಾತ್ರಿ ಸಾಹೇಬ್ರ. ನೀವು ನಮ್ಮ ಛಲೋದಕ್ಕ ಮಾಡಿದ್ರಿ, ಬಿಡ್ರಿ" ಎಂದು ಉಳಿದವರನ್ನು ಕರೆದುಕೊಂಡು ಹೊರಟಳು.

ಆಕೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ. ಗೇಟಿನ ಕಂಬ ಹಿಡಿದು ಅಲ್ಲೇ ಕುಸಿದು ಕುಳಿತರು.